ಅರ್ಧ ಲೀಟರ್ ಹಾಲಿನ ಮನೆಗಳು: ಇಳಿವಯಸ್ಸಿನಲ್ಲಿ ಒಬ್ಬರೇ ನೆಮ್ಮದಿಯಾಗಿ ಬಾಳುವುದು ಹೇಗೆ?

ಮೈಸೂರು: ಬೆಳಿಗ್ಗೆ ಆರೂವರೆಯ ಹೊತ್ತಿಗೆ ಕೃಷ್ಣಮೂರ್ತಿಪುರಂನ ಅಡ್ಡರಸ್ತೆಗಳಲ್ಲಿ ನಡೆದುಹೋದರೆ ಹಳೆಯ ಮನೆಗಳ ಗೇಟಿಗೆ ತೂಗುಹಾಕಿದ ಬಟ್ಟೆಯ ಚೀಲಗಳು ಕಣ್ಣಿಗೆ ಬೀಳುತ್ತವೆ. ಕೆಲವು ಚೀಲಗಳಲ್ಲಿ ಅರ್ಧ ಲೀಟರಿನ ಒಂದೇ ಒಂದು ಹಾಲಿನ ಪ್ಯಾಕೆಟ್ ಇರುತ್ತದೆ. ಒಳಗೆ ನಾಲ್ಕು ಕೋಣೆ, ನಡುಮನೆ, ಹಿತ್ತಲು, ಬಾವಿಕಟ್ಟೆ ಎಲ್ಲವೂ ಉಂಟು. ಕಾಫಿ ಕುಡಿಯುವವರು ಮಾತ್ರ ಒಬ್ಬರು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಬಾಳಸಂಗಾತಿ ತೀರಿಕೊಂಡು ಕೆಲವು ವರ್ಷಗಳಾಗಿವೆ.

ಇಂಥ ಮನೆಯ ಮುಂದೆ ಹಾದುಹೋಗುವವರ ಬಾಯಲ್ಲಿ ಬರುವ ಮೊದಲ ಮಾತು 'ಪಾಪ'. ‘ಪಾಪ, ಒಬ್ಬರೇ ಇದ್ದಾರೆ.’ ಈ ಕನಿಕರ ಪ್ರಾಮಾಣಿಕವೇ ಆದರೂ ಎಲ್ಲ ಸಂದರ್ಭಗಳಿಗೂ ಸಲ್ಲುವುದಿಲ್ಲ. ಒಬ್ಬರೇ ಇರುವುದು ಮನೆಯ ಜನಗಣತಿಗೆ ಸಂಬಂಧಿಸಿದ ವಿಷಯ. ಒಂಟಿತನ ಮನಸ್ಸಿಗೆ ಸಂಬಂಧಿಸಿದ್ದು. ಮಗ, ಸೊಸೆ, ಮೊಮ್ಮಕ್ಕಳಿರುವ ಮನೆಯ ಒಂದು ಕೋಣೆಯಲ್ಲಿ ಟಿವಿಯ ಮುಂದೆ ಕುಳಿತು ದಿನಕ್ಕೆ ಹತ್ತು ಮಾತನ್ನೂ ಆಡದ ಹಿರಿಯರಿದ್ದಾರೆ. ಒಬ್ಬರೇ ಇದ್ದು, ಸಂಜೆಯಾದರೆ ಬಿಡುವಿಲ್ಲದವರೂ ಇದ್ದಾರೆ. ಈ ಎರಡನ್ನೂ ಒಂದೇ ಎಂದು ಬಗೆದು ಕುಟುಂಬಗಳು ಕೈಗೊಳ್ಳುವ ತೀರ್ಮಾನಗಳು ಹಲವು ಬಾರಿ ಹಿರಿಯರ ನೆಮ್ಮದಿಯನ್ನೇ ಕಸಿಯುತ್ತವೆ.

ಲೆಕ್ಕ ಏನೆನ್ನುತ್ತದೆ

2011ರ ಜನಗಣತಿಯಂತೆ ಕರ್ನಾಟಕದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 58 ಲಕ್ಷ; ಅಂದರೆ ರಾಜ್ಯದ ಜನಸಂಖ್ಯೆಯ ಶೇ. 9.5. ಆಗಿನ ರಾಷ್ಟ್ರೀಯ ಸರಾಸರಿ ಶೇ. 8.6 ಮಾತ್ರ. ದೇಶದಲ್ಲಿ ಈ ವಯೋಮಾನದವರು 2050ರ ವೇಳೆಗೆ ಸುಮಾರು 34.7 ಕೋಟಿಗೆ ಏರುವರೆಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಅಂದಾಜಿಸಿದೆ. ಆಗ ಐವರಲ್ಲಿ ಒಬ್ಬರು ಹಿರಿಯ ನಾಗರಿಕರಾಗಿರುತ್ತಾರೆ.

ಇವರಲ್ಲಿ ಒಬ್ಬರೇ ವಾಸಿಸುವವರು ಎಷ್ಟು? 2017-18ರಲ್ಲಿ ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದ ವಾರ್ಧಕ್ಯ ಸಮೀಕ್ಷೆ 45 ವರ್ಷ ಮೇಲ್ಪಟ್ಟ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತ್ತು. ಅದರ ಪ್ರಕಾರ 60 ದಾಟಿದವರಲ್ಲಿ ಶೇ. 6ರಷ್ಟು ಮಂದಿ ಒಬ್ಬರೇ ಇದ್ದಾರೆ. ಪುರುಷರಿಗಿಂತ ಮಹಿಳೆಯರ ಪ್ರಮಾಣ ಬಹಳ ಹೆಚ್ಚು. ಇದರ ಕಾರಣ ಸರಳ: ನಮ್ಮಲ್ಲಿ ಗಂಡ ಹೆಂಡತಿಗಿಂತ ವಯಸ್ಸಿನಲ್ಲಿ ಹಿರಿಯ, ಹೆಂಡತಿಯ ಆಯುಸ್ಸು ಗಂಡನಿಗಿಂತ ದೀರ್ಘ. ಹೀಗಾಗಿ ಇಳಿವಯಸ್ಸಿನ ಒಂಟಿ ಬದುಕೆಂದರೆ ಬಹುಮಟ್ಟಿಗೆ ಹೆಂಗಸರ ಬದುಕು. ಆದರೆ ಮನೆ, ಬ್ಯಾಂಕು, ತೆರಿಗೆಯ ಕಾಗದಪತ್ರಗಳನ್ನು ಅಲ್ಲಿಯವರೆಗೆ ನೋಡಿಕೊಂಡಿದ್ದವರು ಬಹುಪಾಲು ಗಂಡಸರು ಎಂಬುದೇ ತೊಡಕು.

ಈ ಬಡಾವಣೆ ಯಾಕೆ ಹಿರಿಯರಿಗೆ ಒಗ್ಗುತ್ತದೆ?

ಮೈಸೂರಿಗೆ 'ಪಿಂಚಣಿದಾರರ ಸ್ವರ್ಗ' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಕಾಲಿಟ್ಟಾಗ ಕೋಟೆಯ ಸುತ್ತಲಿನ ಇಕ್ಕಟ್ಟಿನ ಕೇರಿಗಳು ನಲುಗಿಹೋದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1903ರಲ್ಲಿ, ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ದೇಶದಲ್ಲೇ ಇಂಥ ಮೊದಮೊದಲ ಮಂಡಳಿಗಳಲ್ಲಿ ಅದೂ ಒಂದು. ಅಗಲವಾದ ನೇರ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಗಾಳಿ ಬೆಳಕು ಬರುವ ನಿವೇಶನ: ಹಳೆಯ ಮೈಸೂರಿನ ಬಡಾವಣೆಗಳ ಈ ಲಕ್ಷಣಗಳೆಲ್ಲ ಕಾಯಿಲೆಯ ಭಯದಿಂದ ಹುಟ್ಟಿದ ಎಚ್ಚರಗಳು. ನೂರು ವರ್ಷದ ನಂತರ ಅವು ಬೇರೊಂದು ಉಪಯೋಗಕ್ಕೆ ಬಂದಿವೆ. ಊರುಗೋಲು ಹಿಡಿದವರೂ ಇಲ್ಲಿ ನಡೆದೇ ಕೆಲಸ ಮುಗಿಸಿಕೊಳ್ಳಬಹುದು.

ಕೃಷ್ಣಮೂರ್ತಿಪುರಂ ಇದಕ್ಕೆ ಒಳ್ಳೆಯ ನಿದರ್ಶನ. ಶ್ರೀರಾಮ ಮಂದಿರ, ಶಾರದಾವಿಲಾಸ ಶಿಕ್ಷಣ ಸಂಸ್ಥೆಗಳು, ಬಲ್ಲಾಳ್ ವೃತ್ತ, ನಂಜುಮಳಿಗೆಯ ತರಕಾರಿ ಅಂಗಡಿಗಳು, ಸನಿಹದಲ್ಲೇ ಚಾಮರಾಜಪುರಂ ರೈಲು ನಿಲ್ದಾಣ. ಔಷಧಿ ಅಂಗಡಿ, ಬ್ಯಾಂಕು, ಸಾರಿನಪುಡಿ, ಚಪಾತಿ, ಕೋಡುಬಳೆ ಮಾರುವ ಕಾಂಡಿಮೆಂಟ್ಸ್, ಮನೆಬಾಗಿಲಿಗೆ ಊಟದ ಕ್ಯಾರಿಯರ್ ಕಳಿಸುವವರು, ಇವೆಲ್ಲ ಕಾಲ್ನಡಿಗೆಯ ಅಳತೆಯಲ್ಲಿ ಸಿಗುತ್ತವೆ. ಮಕ್ಕಳು ಇಲ್ಲಿಂದ ಬೆಂಗಳೂರಿನ ಹದಿನಾಲ್ಕನೇ ಮಹಡಿಗೆ ಕರೆದೊಯ್ದ ತಾಯಿ ಎರಡು ತಿಂಗಳಲ್ಲಿ ‘ನನ್ನ ಮನೆಗೆ ಬಿಡು’ ಎಂದು ಹಟ ಹಿಡಿದರೆ ಅದು ಮೊಂಡುತನವಲ್ಲ. ಅಲ್ಲಿ ಕೊತ್ತಂಬರಿ ಸೊಪ್ಪು ಬೇಕಾದರೂ ಮೊಬೈಲಿನಲ್ಲಿ ತರಿಸಬೇಕು. ಇಲ್ಲಿ ಅದಕ್ಕೆಂದು ಹೊರಟವರು ದಾರಿಯಲ್ಲಿ ನಾಲ್ವರನ್ನು ಮಾತನಾಡಿಸಿ ಬರುತ್ತಾರೆ. ಆ ನಾಲ್ಕು ಮಾತುಗಳೇ ಸೊಪ್ಪಿಗಿಂತ ಮುಖ್ಯ.

ಹಳೆಯ ವಠಾರಗಳಲ್ಲಿ ಇನ್ನೂ ಒಂದು ಕಾವಲು ಉಂಟು. ಅದಕ್ಕೆ ವೆಚ್ಚವೂ ಇಲ್ಲ, ಹೆಸರೂ ಇಲ್ಲ. ಏಳೂವರೆಯಾದರೂ ಬಾಗಿಲಿಗೆ ರಂಗೋಲಿ ಬೀಳದಿದ್ದರೆ, ಪತ್ರಿಕೆ ಗೇಟಿನಲ್ಲೇ ಉಳಿದಿದ್ದರೆ, ಹಾಲಿನ ಚೀಲ ಹಾಗೆಯೇ ತೂಗುತ್ತಿದ್ದರೆ ಎದುರು ಮನೆಯವರು ‘ಯಾಕಮ್ಮಾ, ಹುಷಾರಿಲ್ಲವೇ?’ ಎಂದು ಕೂಗಿ ಕೇಳುತ್ತಾರೆ. ಜಪಾನಿನಂಥ ಸಿರಿವಂತ ದೇಶ ಕಳೆದುಕೊಂಡಿರುವುದು ಇದನ್ನೇ. ಅಲ್ಲಿನ ಪೊಲೀಸ್ ಇಲಾಖೆಯ ಲೆಕ್ಕದಂತೆ 2024ರಲ್ಲಿ ಸುಮಾರು 76 ಸಾವಿರ ಮಂದಿ ಮನೆಯಲ್ಲಿ ಒಬ್ಬರೇ ಇದ್ದಾಗ ಮೃತಪಟ್ಟರು. ನಾಲ್ವರಲ್ಲಿ ಮೂವರು 65 ದಾಟಿದವರು. ಕೆಲವರ ಸಾವು ತಿಳಿಯಲು ವಾರಗಳೇ ಬೇಕಾದವು. ಜಪಾನ್ 2021ರಲ್ಲಿ ಒಂಟಿತನದ ನಿವಾರಣೆಗೆಂದೇ ಒಬ್ಬ ಸಚಿವರನ್ನು ನೇಮಿಸಿತು. ಬ್ರಿಟನ್ 2018ರಲ್ಲೇ ಆ ಕೆಲಸ ಮಾಡಿತ್ತು. ಎದುರು ಮನೆಯವರ ಕೆಲಸಕ್ಕೆ ಸಚಿವರು ಬೇಕಾದದ್ದು ವಿಚಿತ್ರವೆನಿಸಬಹುದು. ಆದರೆ ಮೈಸೂರಿನಲ್ಲೂ ಹಳೆಯ ಮನೆಗಳು ಉರುಳಿ, ಅಪಾರ್ಟ್‌ಮೆಂಟು ಮತ್ತು ಪೇಯಿಂಗ್ ಗೆಸ್ಟ್ ಕಟ್ಟಡಗಳು ಏಳುತ್ತಿರುವಾಗ ನಗುವಂತಿಲ್ಲ.

ಒಂಟಿತನ ಎಂಬ ಹಸಿವು

ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞರಾಗಿದ್ದ ಜಾನ್ ಕ್ಯಾಸಿಯೊಪ್ಪೊ (1951-2018) ಒಂಟಿತನವನ್ನು ಹಸಿವು, ಬಾಯಾರಿಕೆಗಳಿಗೆ ಹೋಲಿಸಿದ್ದರು. ದೇಹಕ್ಕೆ ಅನ್ನ ಬೇಕಾದಾಗ ಹಸಿವು ಹೇಗೆ ಎಚ್ಚರಿಸುವುದೋ ಹಾಗೆ, ಜನರ ಒಡನಾಟ ಬೇಕಾದಾಗ ಒಂಟಿತನ ಎಚ್ಚರಿಸುತ್ತದೆ. ಒಬ್ಬರ ಹಸಿವು ಇನ್ನೊಬ್ಬರಷ್ಟೇ ಇರಬೇಕೆಂಬ ನಿಯಮವಿಲ್ಲ. ದಿನಕ್ಕೆ ಒಮ್ಮೆ ಹರಟಿದರೆ ಸಾಕೆನ್ನುವವರೂ ಉಂಟು, ಮನೆತುಂಬ ಜನ ಬೇಕೆನ್ನುವವರೂ ಉಂಟು. ಎಚ್ಚರಿಕೆಯನ್ನು ಬಹುಕಾಲ ಕಡೆಗಣಿಸಿದರೆ ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಮನಸ್ಸು ಕುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಹೊರತಂದ ವರದಿಯಂತೆ ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಗಮನಿಸಬೇಕಾದ ಅಂಶವೆಂದರೆ ಅದು ಹರೆಯದವರನ್ನೂ ಬಿಟ್ಟಿಲ್ಲ; ಮುದುಕರ ಸೊತ್ತು ಎಂಬುದು ತಪ್ಪು ತಿಳಿವಳಿಕೆ.

ಹಾಗಾದರೆ ಒಬ್ಬರೇ ಇದ್ದೂ ಹಸಿವಿಲ್ಲದೆ ಬಾಳಿದವರು ಕನ್ನಡ ನಾಡಿನಲ್ಲಿ ಇಲ್ಲವೇ? ಬೆಂಗಳೂರಿನ ಡಾ. ಎಚ್. ನರಸಿಂಹಯ್ಯ (1920-2005) ಅವರನ್ನು ನೆನೆಯಬೇಕು. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಕುಟುಂಬದಿಂದ ಬಂದು, ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಎಚ್ಚೆನ್ ಮದುವೆಯಾಗಲಿಲ್ಲ, ಸ್ವಂತ ಮನೆ ಕಟ್ಟಲಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರ ಬಿಡಾರ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೂ (1972-77), 1984ರಲ್ಲಿ ಪದ್ಮಭೂಷಣ ಬಂದ ನಂತರವೂ ಆ ಕೋಣೆ ಬದಲಾಗಲಿಲ್ಲ. ಎಂಬತ್ತರ ಆಚೆಗೂ ಅವರದು ಒಂಟಿ ಕೋಣೆ, ಆದರೆ ಬಾಗಿಲ ಹೊರಗೆ ವಿದ್ಯಾರ್ಥಿಗಳ ಗದ್ದಲ. ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳು, ನಾಟಕ, ಸಂಗೀತ. ಒಳಗೆ ಏಕಾಂತ, ಹೊಸ್ತಿಲಾಚೆ ಜನ. ಎಲ್ಲರೂ ಎಚ್ಚೆನ್ ಆಗಲಾರರು, ನಿಜ. ಅವರ ಬದುಕಿನ ಏರ್ಪಾಡನ್ನು ಮಾತ್ರ ಯಾರೂ ಗಮನಿಸಬಹುದು.

ಇದೇ ಏರ್ಪಾಡನ್ನು ಹಾಲೆಂಡಿನ ಡೆವೆಂಟರ್ ಪಟ್ಟಣದ ಒಂದು ವೃದ್ಧಾಶ್ರಮ ಬೇರೆ ರೀತಿಯಲ್ಲಿ ಮಾಡಿದೆ. ಅಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ. ಪ್ರತಿಯಾಗಿ ಅವರು ತಿಂಗಳಿಗೆ 30 ಗಂಟೆ ಹಿರಿಯರೊಡನೆ ಕಳೆಯಬೇಕು. ಕೃಷ್ಣಮೂರ್ತಿಪುರಂ, ಸರಸ್ವತಿಪುರಂಗಳಂಥ ಕಡೆ ಕಾಲೇಜುಗಳಿಗೇನು, ವಿದ್ಯಾರ್ಥಿಗಳಿಗೇನು ಬರವಿಲ್ಲ. ಹಿತ್ತಲ ಔಟ್‌ಹೌಸನ್ನೋ ಮಹಡಿಯ ಕೋಣೆಯನ್ನೋ ಹಳ್ಳಿಯಿಂದ ಓದಲು ಬಂದ ಹೆಣ್ಣುಮಕ್ಕಳಿಗೆ ಕಡಿಮೆ ಬಾಡಿಗೆಗೆ ಕೊಟ್ಟರೆ ರಾತ್ರಿ ಒಂದು ದೀಪ, ಒಂದು ದನಿ ಜೊತೆಗಿರುತ್ತದೆ. ಕರಾರುಪತ್ರ ಮಾಡಿಕೊಂಡು, ಗುರುತಿನ ಚೀಟಿಯ ಪ್ರತಿ ಪಡೆದು ಕೊಡುವುದು ಕ್ಷೇಮ.

ಬಿದ್ದರೆ ಎಬ್ಬಿಸುವವರಾರು?

ಮಕ್ಕಳ ಆತಂಕವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯಲ್ಲಿ. ಆತಂಕಕ್ಕೆ ಆಧಾರವಿದೆ. 65 ದಾಟಿದವರಲ್ಲಿ ಪ್ರತಿವರ್ಷ ಶೇ. 28ರಿಂದ 35 ಮಂದಿ ಒಮ್ಮೆಯಾದರೂ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿದ್ದ ಪೆಟ್ಟಿನಷ್ಟೇ ಅಪಾಯಕಾರಿಯಾದದ್ದು ಬಿದ್ದಲ್ಲೇ ಉಳಿಯುವ ಅವಧಿ. ಗಂಟೆಗಟ್ಟಲೆ ತಣ್ಣನೆಯ ನೆಲದ ಮೇಲೆ ಉಳಿದರೆ ನಿರ್ಜಲೀಕರಣವಾಗಿ, ಒತ್ತಡಕ್ಕೆ ಸಿಕ್ಕ ಸ್ನಾಯುಗಳು ನಶಿಸಿ, ಆ ಕಲ್ಮಶ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಆದ್ದರಿಂದ ಎರಡು ಸಿದ್ಧತೆ ಬೇಕು: ಬೀಳದಂತೆ ಒಂದು, ಬಿದ್ದರೆ ಬೇಗ ತಿಳಿಯುವಂತೆ ಇನ್ನೊಂದು.

ಹಳೆಯ ಮೈಸೂರು ಮನೆಗಳ ಅಂದವೇ ಇಲ್ಲಿ ಶತ್ರು. ತಿಕ್ಕಿ ತಿಕ್ಕಿ ಕನ್ನಡಿಯಾದ ರೆಡ್ ಆಕ್ಸೈಡ್ ನೆಲ ಒದ್ದೆಯಾದರೆ ಜಾರುತ್ತದೆ. ಎತ್ತರದ ಹೊಸ್ತಿಲು ಕಾಲಿಗೆ ತೊಡರುತ್ತದೆ. ಬಚ್ಚಲು, ಕಕ್ಕಸು ಹಿತ್ತಲ ಕಡೆ, ಒಂದೆರಡು ಮೆಟ್ಟಿಲು ಇಳಿದು ಹೋಗಬೇಕು. ರಾತ್ರಿ ಎರಡು ಗಂಟೆಯಲ್ಲಿ, ರಕ್ತದೊತ್ತಡದ ಮಾತ್ರೆ ನುಂಗಿದವರು ಹಾಸಿಗೆಯಿಂದ ಥಟ್ಟನೆ ಎದ್ದಾಗ ತಲೆ ತಿರುಗುವುದು ಸಹಜ. ಮಲಗುವ ಕೋಣೆಗೆ ಹೊಂದಿಕೊಂಡಂತೆ ಒಂದು ಕಕ್ಕಸು, ಗೋಡೆಗೆ ಹಿಡಿಕಂಬಿ, ಹಾದಿಯುದ್ದಕ್ಕೂ ಸಣ್ಣ ದೀಪ, ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕುಳಿತು ಏಳುವ ಅಭ್ಯಾಸ: ಇಷ್ಟಕ್ಕೆ ತಗಲುವ ಖರ್ಚು ಸೊಂಟದ ಮೂಳೆಯ ಒಂದು ಶಸ್ತ್ರಚಿಕಿತ್ಸೆಯ ಮುಂದೆ ಏನೇನೂ ಅಲ್ಲ.

ಬೇಗ ತಿಳಿಯುವಂತೆ ಮಾಡುವುದು ಇನ್ನೂ ಸುಲಭ, ಆದರೆ ಇದನ್ನೇ ಮರೆಯುತ್ತಾರೆ. ಕಳ್ಳರ ಭಯಕ್ಕೆ ಒಳಗಿನಿಂದ ಮೂರು ಚಿಲಕ ಹಾಕಿಕೊಂಡರೆ ನೆರವಿಗೆ ಬಂದವರೂ ಹೊರಗೇ ನಿಲ್ಲಬೇಕಾಗುತ್ತದೆ. ಹೊರಗಿನಿಂದ ಕೀಲಿಯಲ್ಲಿ ತೆರೆಯಬಹುದಾದ ಬೀಗ, ನಂಬಿಕೆಯ ನೆರೆಮನೆಯಲ್ಲಿ ಒಂದು ಕೀಲಿ, ಬಚ್ಚಲಿಗೆ ಅಗಳಿ ಹಾಕದಿರುವ ರೂಢಿ ಅಗತ್ಯ. ಮೊಬೈಲನ್ನು ಮೇಜಿನ ಮೇಲಿಡದೆ ಕೊರಳಲ್ಲೋ ಸೊಂಟದಲ್ಲೋ ಇಟ್ಟುಕೊಳ್ಳಬೇಕು. ಬೆಳಿಗ್ಗೆ ನಿಗದಿತ ಹೊತ್ತಿಗೆ ಮಗಳಿಗೋ ಗೆಳತಿಗೋ ಒಂದು ಸಂದೇಶ. ಅದು ಬಾರದಿದ್ದರೆ ಅವರು ಯಾರಿಗೆ ಫೋನ್ ಮಾಡಬೇಕೆಂಬುದೂ ಮೊದಲೇ ಗೊತ್ತಿರಬೇಕು. ತುರ್ತಿಗೆ 112, ಆಂಬುಲೆನ್ಸಿಗೆ 108. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕಾನೂನು, ಪಿಂಚಣಿ, ಕಿರುಕುಳ, ಮನಸ್ಸಿನ ಬೇಗುದಿ ಎಲ್ಲಕ್ಕೂ ಓಗೊಡುತ್ತದೆ.

ಅಡುಗೆ, ಕಿವಿ ಮತ್ತು ಬಸ್ಸು

ಒಬ್ಬರಿಗಾಗಿ ಒಲೆ ಹಚ್ಚುವ ಬೇಸರ ಒಂಟಿ ಮನೆಗಳ ಗುಪ್ತ ಕಾಯಿಲೆ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಮೊಸರನ್ನ, ರಾತ್ರಿ ಬಿಸ್ಕತ್ತು ಕಾಫಿ. ಹೊಟ್ಟೆ ತುಂಬುತ್ತದೆ, ಸತ್ವ ಸೇರುವುದಿಲ್ಲ. ಬೇಳೆಕಾಳು ಕಡಿಮೆಯಾದಂತೆ ಸ್ನಾಯು ಕರಗಿ ಕಾಲು ಸೋಲುತ್ತದೆ, ಅಲ್ಲಿಂದ ಮತ್ತೆ ಬೀಳುವ ಕಥೆ. ವಾರದಲ್ಲಿ ಕೆಲವು ದಿನ ಕ್ಯಾರಿಯರ್ ತರಿಸುವುದು, ಇಬ್ಬರು ಮೂವರು ಗೆಳತಿಯರು ಸರದಿಯ ಮೇಲೆ ಅಡುಗೆ ಮಾಡಿ ಒಟ್ಟಿಗೆ ಉಣ್ಣುವುದು ನಾಚಿಕೆಯ ವಿಷಯವಲ್ಲ.

ಎರಡನೆಯದು ಕಿವಿ. ಕೇಳಿಸದವರು ಮೆಲ್ಲಗೆ ಸಂತೆಯಿಂದ, ಸಮಾರಂಭದಿಂದ, ಕೊನೆಗೆ ಫೋನಿನಿಂದಲೂ ದೂರ ಸರಿಯುತ್ತಾರೆ. ಶ್ರವಣದೋಷ ಹಾಗೂ ಸಾಮಾಜಿಕ ಒಂಟಿತನ ಎರಡನ್ನೂ ಲ್ಯಾನ್ಸೆಟ್ ಆಯೋಗದ 2024ರ ವರದಿ ಮರೆಗುಳಿ ರೋಗದ ತಡೆಯಬಹುದಾದ 14 ಕಾರಣಗಳಲ್ಲಿ ಸೇರಿಸಿದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರಿನಲ್ಲೇ ‘ವಯಸ್ಸಾಯಿತಲ್ಲ, ಬಿಡಿ’ ಎಂದು ಕಿವಿಯ ಪರೀಕ್ಷೆ ಮುಂದೂಡುವುದು ಸೋಜಿಗ.

ಮೂರನೆಯದು ಓಡಾಟ. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಒದಗಿಸುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂತು. ಅದರ ಚರ್ಚೆಯಲ್ಲಿ ಇಳಿವಯಸ್ಸಿನವರ ಪ್ರಸ್ತಾಪ ಬಂದದ್ದು ಕಡಿಮೆ. ಕೈಯಲ್ಲಿ ಪುಡಿಗಾಸು ಇಲ್ಲವೆಂದು ಮನೆಯಲ್ಲೇ ಉಳಿಯುತ್ತಿದ್ದ ಅಜ್ಜಿ ತಂಗಿಯ ಮನೆಗೆ ಹೋಗಿಬರುವುದು ಆರೋಗ್ಯದ ಬಾಬತ್ತೂ ಹೌದು.

ಹಣ, ಮನೆ, ಸಹಿ

ಒಂಟಿ ಬದುಕಿನ ನೆಮ್ಮದಿ ಬಹುಮಟ್ಟಿಗೆ ತಿಂಗಳ ಆದಾಯದ ಮೇಲೆ ನಿಂತಿದೆ. ನಿವೃತ್ತಿ ವೇತನ, ಕುಟುಂಬ ಪಿಂಚಣಿ ಇದ್ದವರ ಮಾತು ಬೇರೆ. ಅವಿಲ್ಲದ ಬಡವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ ಕೊಡುತ್ತಿರುವ ಮಾಸಿಕ 1,200 ರೂಪಾಯಿ ಔಷಧಿಗೂ ಸಾಲದು. ಅವರ ಪಾಲಿಗೆ ಏಕಾಂತದ ಮಾತೆಲ್ಲ ಉಳ್ಳವರ ಮಾತಾಗಿ ಕೇಳಿಸಿದರೆ ತಪ್ಪಿಲ್ಲ. 70 ದಾಟಿದವರಿಗೆ ಮನೆಬಾಗಿಲಲ್ಲೇ ಮೂಲ ಬ್ಯಾಂಕಿಂಗ್ ಸೇವೆ ನೀಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಸೂಚಿಸಿದೆ. ಶಾಖೆಯಲ್ಲಿ ವಿಚಾರಿಸಿದರಷ್ಟೇ ಅದು ಸಿಗುವುದು.

ಹಣವಿರುವ ಒಂಟಿ ಹಿರಿಯರ ಮೇಲೆ ವಂಚಕರ ಕಣ್ಣೂ ಇದೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ವಿಡಿಯೊ ಕರೆಯಲ್ಲಿ ದಿನಗಟ್ಟಲೆ ಕೂರಿಸಿ ಠೇವಣಿ ಬಳಿಯುವ ಜಾಲ ಗೆಲ್ಲುವುದೇ ‘ಯಾರಿಗೂ ಹೇಳಬೇಡಿ’ ಎಂಬ ಒಂದು ಮಾತಿನಿಂದ. ಭಾರತದ ಯಾವ ಕಾನೂನಿನಲ್ಲೂ ಅಂಥ ಬಂಧನವಿಲ್ಲ. ಕರೆ ಕತ್ತರಿಸಿ ಪಕ್ಕದ ಮನೆಗೆ ಹೋಗುವುದೇ ಮೊದಲ ಮದ್ದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಇನ್ನು ಮನೆ. ಹಳೆಯ ಬಡಾವಣೆಯ ನಿವೇಶನಕ್ಕೆ ಬಂಗಾರದ ಬೆಲೆ ಬಂದ ಮೇಲೆ ತಾಯಿಯ ಕ್ಷೇಮದ ಮಾತೂ ಆಸ್ತಿಯ ಮಾತೂ ಒಂದರೊಳಗೊಂದು ಬೆರೆತುಹೋಗಿವೆ. ‘ನಿಮ್ಮ ಒಳ್ಳೆಯದಕ್ಕೇ ಅಮ್ಮ’ ಎಂದು ಮುಂದಿಟ್ಟ ದಾನಪತ್ರಕ್ಕೆ ಸಹಿ ಹಾಕುವ ಮುನ್ನ ಒಂದು ವ್ಯತ್ಯಾಸ ತಿಳಿದಿರಬೇಕು. ಉಯಿಲು ಬರೆದವರ ಮರಣಾನಂತರ ಜಾರಿಗೆ ಬರುತ್ತದೆ, ಬದುಕಿರುವಾಗ ಎಷ್ಟು ಬಾರಿಯಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾದ ಮೇಲೆ ಮನೆ ಕೈಬಿಟ್ಟಂತೆಯೇ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 23ನೇ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದು ಕೈಬಿಟ್ಟವರ ಪತ್ರವನ್ನು ರದ್ದುಪಡಿಸಲು ಅವಕಾಶ ಕೊಡುತ್ತದೆ. ಆದರೆ ಆ ಷರತ್ತು ಇತ್ತೆಂದು ತೋರಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಹಿರಿಯರ ಹಿತಕ್ಕೆ ಒಪ್ಪುವಂತೆ ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕೆಂದಿತು. ವಾದದ ಗೊಡವೆಯೇ ಬೇಡವೆನ್ನುವವರು ಪತ್ರದಲ್ಲೇ ಷರತ್ತನ್ನು ಸ್ಪಷ್ಟವಾಗಿ ಬರೆಸಬೇಕು.

ಈ ಕಾಯ್ದೆಯ ನ್ಯಾಯಮಂಡಳಿಗೆ ಉಪವಿಭಾಗಾಧಿಕಾರಿಯೇ ಮುಖ್ಯಸ್ಥರು. ವಕೀಲರ ಹಂಗಿಲ್ಲ, ಬಿಳಿ ಹಾಳೆಯ ಅರ್ಜಿ ಸಾಕು. ಜೀವನಾಂಶದ ಅರ್ಜಿಯನ್ನು ನೋಟಿಸು ತಲುಪಿದ 90 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಒಬ್ಬರೇ ಇರುವ ಹಿರಿಯರ ಪಟ್ಟಿಯನ್ನು ಪ್ರತಿ ಪೊಲೀಸ್ ಠಾಣೆ ಇಟ್ಟುಕೊಂಡು, ತಿಂಗಳಿಗೊಮ್ಮೆಯಾದರೂ ಅವರನ್ನು ಕಾಣಬೇಕೆಂದು ಕೇಂದ್ರದ ಮಾದರಿ ನಿಯಮಗಳು ಹೇಳುತ್ತವೆ. ಆ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ಠಾಣೆಗೆ ಹೋಗಿ ಕೇಳುವ ಹಕ್ಕು ಹಿರಿಯರಿಗಿದೆ.

ಇನ್ನೊಂದು ಕಾಗದವೂ ಬೇಕು, ಅದರ ಮಾತೆತ್ತಲು ಮನೆಮಂದಿ ಅಳುಕುತ್ತಾರೆ. ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತೀರ್ಮಾನ ಯಾರದು ಎಂದು ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿತು, 2023ರಲ್ಲಿ ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು.

ಎಲ್ಲಿಯವರೆಗೆ?

ಒಬ್ಬರೇ ಇರಬಾರದ ದಿನವೂ ಬರಬಹುದು. ಗ್ಯಾಸ್ ಒಲೆ ಆರಿಸಲು ಮರೆಯುವುದು ಮರುಕಳಿಸಿದರೆ, ಆರು ತಿಂಗಳಲ್ಲಿ ಎರಡು ಬಾರಿ ಬಿದ್ದರೆ, ಬಟ್ಟೆ ಸಡಿಲವಾಗುವಷ್ಟು ತೂಕ ಇಳಿದರೆ, ಕರೆಂಟ್ ಬಿಲ್ಲು ಕಟ್ಟದೆ ಉಳಿಯುತ್ತ ಬಂದರೆ ಮಕ್ಕಳು ಫೋನಿನಲ್ಲಿ ‘ಚೆನ್ನಾಗಿದ್ದೀರಾ?’ ಎಂದು ಕೇಳಿ ತೃಪ್ತರಾಗಬಾರದು. ಬಂದು ನಾಲ್ಕು ದಿನ ಇದ್ದು ನೋಡಬೇಕು. ‘ಚೆನ್ನಾಗಿದ್ದೇನೆ’ ಎಂಬ ಉತ್ತರ ಅಭ್ಯಾಸಬಲದಿಂದ ಬರುವಂಥದ್ದು.

ಆಗಲೂ ದಾರಿ ಒಂದೇ ಅಲ್ಲ. ಹಗಲಿಗೊಬ್ಬರು ನೆರವಿನವರು, ರಾತ್ರಿಗೊಬ್ಬರು, ಅಥವಾ ಅದೇ ಬೀದಿಯಲ್ಲಿ ಬಂಧುಗಳ ಪಕ್ಕದ ಸಣ್ಣ ಮನೆ ಸಾಕಾಗಬಹುದು. ಮಗನ ಮನೆಗೇ ಹೋಗಬೇಕಾಗಿ ಬಂದರೆ ಮೊದಲು ಮೂರು ತಿಂಗಳ ಮಟ್ಟಿಗೆ ಹೋಗಿಬರುವುದು ಲೇಸು. ಅಲ್ಲಿಯವರೆಗೆ ಕೃಷ್ಣಮೂರ್ತಿಪುರಂನ ಮನೆಗೆ ಬೀಗ ಹಾಕಿಟ್ಟರೆ ಸಾಕು. ಬಿಲ್ಡರಿಗೆ ಫೋನ್ ಮಾಡಬೇಕಿಲ್ಲ. ಹಾಲಿನವನಿಗೂ ‘ನಾಳೆಯಿಂದ ಬೇಡ’ ಎನ್ನುವ ಬದಲು ‘ಮೂರು ತಿಂಗಳು ಬೇಡ’ ಎಂದೇ ಹೇಳಿ ಹೊರಡಬಹುದು.